ವಿಮಾನದ ಅಜ್ಜನಿಗೊಂದು ಹೂಂ

ನನ್ನ ಹೆಡ್‌ಫೋನಿನ ವೈರನ್ನು ಇಲಿ ಕಡಿದು ಹಾಕಿದ ದಿನ ಅದಕ್ಕೆ ಬಾಯಿಗೆ ಬಂದಂತೆ ಬೈದೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಈ ನಾಲಿಗೆಯಲ್ಲಿ ಅಪ್ಪಟ ಸವದತ್ತಿಯ ಬೈಗುಳಗಳು ಇಷ್ಟೊಂದು ಉಳಿದುಕೊಂಡಿವೆ ಎಂಬುದು ನನಗೇ ತಿಳಿದದ್ದು ಅವತ್ತು. ಈಗ ಆ ಇಲಿಯ ಕ್ಷಮೆ ಕೇಳಬೇಕೆನಿಸುತ್ತದೆ. ಯಾಕೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ.

ನಿವೃತ್ತಿಯ ನಂತರ ನಾನು ಹಿಡಿದ ಕೆಲಸವನ್ನು ಕೇಳಿದರೆ ನೀವು ನಗುತ್ತೀರಿ. ಅಮೆರಿಕದಲ್ಲಿ ಯುದ್ಧವಿಮಾನ ಹಾರಿಸಿದ ಮುದುಕರು ಕಂಡುಂಡದ್ದನ್ನು ತಮ್ಮ ಬಾಯಿಂದಲೇ ಹೇಳಿ ರೆಕಾರ್ಡ್ ಮಾಡಿಸಿರುತ್ತಾರೆ; ಮುಂದಿನವರಿಗೆ ಉಳಿಯಲೆಂದು ಅದನ್ನು ಅಕ್ಷರಕ್ಕಿಳಿಸುವ ಕೆಲಸ ಸಮುದ್ರ ದಾಟಿ ಬೆಳಗಾವಿಯ ಒಂದು ಕಚೇರಿಗೆ ಬಂದು, ಅಲ್ಲಿಂದ ನಮ್ಮ ಮನೆಯ ಪಡಸಾಲೆಗೆ ಇಳಿಯುತ್ತದೆ. ವಿಮಾನವೆಂದರೆ ಕತ್ತೆತ್ತಿ ನೋಡಿ ಗೊತ್ತೇ ಹೊರತು ಒಮ್ಮೆಯೂ ಹತ್ತಿ ಗೊತ್ತಿಲ್ಲದ ನಾನು ಈಗ ಮಂಜಿನಲ್ಲಿ ಅದನ್ನು ಹೇಗೆ ಇಳಿಸಬೇಕೆಂದು ಯಾರಿಗೆ ಬೇಕಾದರೂ ಬುದ್ಧಿ ಹೇಳಬಲ್ಲೆ. ಈ ಕೆಲಸಕ್ಕೆ ಇರುವ ನಿಯಮ ಒಂದೇ. ಕೇಳಿಸಿದ್ದನ್ನೆಲ್ಲ ಬರೆಯಬೇಕು, ಕೇಳಿಸದ್ದನ್ನು ಬರೆಯಕೂಡದು. ಕೆಮ್ಮಿದರೆ ಕೆಮ್ಮು, ಸುಮ್ಮನಾದರೆ ಮೌನ.

ಹೆಡ್‌ಫೋನ್ ಹೋಗಿದ್ದರಿಂದ ಅವತ್ತು ಲ್ಯಾಪ್‌ಟಾಪಿನ ದನಿಯನ್ನು ಬಹಿರಂಗವಾಗಿ ಬಿಟ್ಟುಕೊಂಡು ಕುಳಿತೆ. ಎದುರಿಗೆ ನಮ್ಮ ಅತ್ತೆ ಶೇಂಗಾ ಸುಲಿಯುತ್ತಿದ್ದರು. ಅವರ ತವರು ಹೂಲಿ, ವಯಸ್ಸು ಎಂಬತ್ತೈದು, ಇಂಗ್ಲಿಷ್ ಒಂದಕ್ಷರವೂ ಬಾರದು. ರೆಕಾರ್ಡಿನ ಪೈಲಟ್ ಹೆಚ್ಚುಕಡಿಮೆ ಅವರ ಓರಗೆಯವನೇ. ವಿಯೆಟ್ನಾಮಿನಲ್ಲಿ ವಿಮಾನ ಹಾರಿಸಿದವನು, ಈಗ ಬದುಕಿಲ್ಲ.

"ಯಾರಂವ, ಒಬ್ಬನ ಮಾತಾಡಾಕ ಹತ್ಯಾನ? ಎದರಿಗೆ ಯಾರೂ ಇಲ್ಲೇನು?" ಎಂದರು ಅತ್ತೆ.

"ಅದಾರ್ರಿ ಅತ್ತಿ. ಕೇಳೋರು ಸುಮ್ಮನ ಕುಂಡರಬೇಕು, ಹಂಗ ನಿಯಮ ಐತಿ."

"ಸುಮ್ಮನ ಕುಂತ್ರ, ಇವರು ಕೇಳಾಕ ಹತ್ಯಾರ ಅಂತ ಅವಗ ಹೆಂಗ ತಿಳೀಬೇಕು?"

ನಮ್ಮ ಕಡೆ ಕಥೆ ಹೇಳುವವರಿಗೆ ಎದುರು ಕುಳಿತವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ರಾಜಕುಮಾರ ಕಾಡಿನಲ್ಲಿದ್ದರೆ ಕಾಡಿನಲ್ಲೇ, ಬಾವಿಯಲ್ಲಿದ್ದರೆ ಬಾವಿಯಲ್ಲೇ ಉಳಿದುಬಿಡುತ್ತಾನೆ. ಹಾಗಾಗಿ ಅತ್ತೆ ಶೇಂಗಾ ಒಡೆಯುತ್ತಲೇ ಆ ಜವಾಬ್ದಾರಿಯನ್ನು ತಾವೇ ವಹಿಸಿಕೊಂಡರು. ಒಂದು ಶಬ್ದವೂ ತಿಳಿಯದೆ, ಬರೀ ಅವನ ಉಸಿರಿನ ಏರಿಳಿತ ಹಿಡಿದು, ಎಲ್ಲಿ ಬೇಕೋ ಅಲ್ಲಿ ಹೂಂ ಅಂದರು, ದನಿ ನಡುಗಿದಲ್ಲಿ "ಅಯ್ಯ ಪಾಪ" ಅಂದರು. ಎಂ.ಎ. ಓದಿದ ನನಗಿಂತ ಅವರಿಗೇ ಕಥೆ ಚೆನ್ನಾಗಿ ತಿಳಿಯುತ್ತಿದೆಯೇನೋ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಾಲ್ಕು ದಿನ ಹೀಗೆ ನಡೆದು ಕಡತ ಬೆಳಗಾವಿಗೆ ಹೋಯಿತು.

ಮರುವಾರ ಕಚೇರಿಯ ಹುಡುಗಿಯ ಫೋನ್ ಬಂತು. "ಅಕ್ಕೋರ, ಪ್ರಶ್ನಾ ಕೇಳೋರು ಪೂರ್ತಿ ರೆಕಾರ್ಡಿಂಗ್‌ದಾಗ ಒಮ್ಮೆನೂ ಹೂಂ ಅಂದಿಲ್ಲರಿ. ನೀವು ಪುಟಕ್ಕ ಐದಾರು ಸರ್ತಿ ಅನಿಸೀರಿ. ಸಂಜಿ ಒಳಗ ತಿದ್ದಿ ಕಳಸ್ರಿ, ಇಲ್ಲಂದ್ರ ಇನ್ನ ಮ್ಯಾಲೆ ನಿಮಗ ಕೆಲಸ ಕೊಡೂದು ಬ್ಯಾಡ ಅನ್ನಾಕ ಹತ್ಯಾರ ಸಾಹೇಬರು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಮಕ್ಕಳ ಒಂದು ಕಾಗುಣಿತ ತಪ್ಪನ್ನೂ ಬಿಡದವಳು ನಾನು. ಹುಟ್ಟಿದಾಗಿನಿಂದ ಕಥೆಯೊಳಗೆ ಹೂಂ ಕೇಳಿಕೊಂಡೇ ಬೆಳೆದ ಕಿವಿಗೆ ಅದು ಕಥೆಯದೇ ಅಂಗವೆನಿಸಿ, ಬೆರಳುಗಳು ನನ್ನನ್ನು ಕೇಳದೆಯೇ ಅತ್ತೆಯ ಹೂಂಗಳನ್ನೆಲ್ಲ ಆ ಅಮೆರಿಕದ ಸಂದರ್ಶಕನ ಬಾಯಿಗೆ ತುರುಕಿಬಿಟ್ಟಿದ್ದವು.

ಅತ್ತೆ ಅಡ್ಡಾಗಿದ್ದ ಮಧ್ಯಾಹ್ನ ಒಬ್ಬಳೇ ಕುಳಿತು ಮೊದಲಿನಿಂದ ಕೇಳುತ್ತ ಒಂದೊಂದೇ ಹೂಂ ಅಳಿಸತೊಡಗಿದೆ. ಹಾಗೆ ಅಳಿಸುತ್ತ ಹೋದಾಗ ಆ ಜಾಗ ಬಂತು. ದಟ್ಟ ಮಂಜಿನಲ್ಲಿ ಅವನದೂ ಅವನ ಗೆಳೆಯನದೂ ಎರಡು ವಿಮಾನಗಳು ಮರಳುತ್ತಿವೆ; ಗೆಳೆಯ ರೇಡಿಯೋದಲ್ಲಿ "ನೀನು ಮೊದಲು ಇಳಿ, ನಾನು ನಿನ್ನ ಹಿಂದೆಯೇ ಇದ್ದೇನೆ" ಎನ್ನುತ್ತಾನೆ; ಇವನು ಇಳಿದು "ಇದ್ದೀಯಾ?" ಎಂದು ಕರೆಯುತ್ತಾನೆ, ಮತ್ತೆ ಮತ್ತೆ ಕರೆಯುತ್ತಾನೆ. ಆಕಾಶದಲ್ಲಿ ಕೇಳಿದ ಪ್ರತಿ ಮಾತಿಗೂ ಮರುಮಾತು ಬರಲೇಬೇಕು. ಬಾರದಿದ್ದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ಇಷ್ಟು ಹೇಳಿ ಮುದುಕ ಮಾತು ನಿಲ್ಲಿಸಿದ. ಆಮೇಲೆ ಎದುರಿಗಿದ್ದವನನ್ನು ಸಣ್ಣ ದನಿಯಲ್ಲಿ ಕೇಳಿದ: "ಕೇಳುತ್ತಿದ್ದೀಯಾ?"

ಸಂದರ್ಶಕ ತಲೆಯಾಡಿಸಿರಬೇಕು, ತಲೆಯಾಡಿಸಿದ್ದು ರೆಕಾರ್ಡ್ ಆಗುವುದಿಲ್ಲ. ಮುದುಕ ಗಂಟಲು ಸರಿಮಾಡಿಕೊಂಡು ಆಗಿನ ಕ್ಯಾಂಟೀನಿನ ಕೆಟ್ಟ ಕಾಫಿಯ ಮಾತಿಗೆ ಹೊರಳಿದ, ಆ ಗೆಳೆಯನ ಹೆಸರನ್ನು ಮತ್ತೆ ಎತ್ತಲೇ ಇಲ್ಲ. ಮೊದಲ ಸಲ ಇದು ನನ್ನ ಗಮನಕ್ಕೇ ಬಂದಿರಲಿಲ್ಲ, ಯಾಕೆಂದರೆ ಅಲ್ಲಿ ಅತ್ತೆ ಸುಲಿಯುವುದನ್ನು ನಿಲ್ಲಿಸಿ "ಹೂಂ, ಹೇಳಪ್ಪಾ" ಅಂದಿದ್ದರು.

ಕಥೆಯನ್ನು ಕಾಪಾಡುವುದೆಂದರೆ ಅದನ್ನು ಮುಟ್ಟದೆ ಇಡುವುದು ಎಂದು ನಾನೂ ನಂಬಿದ್ದವಳೇ. ಆದರೆ ಆ ಮುದುಕ ಒಳಗೇ ಇಟ್ಟುಕೊಂಡು ಹೋದದ್ದನ್ನು ಇನ್ನು ಯಾರು ಕಾಪಾಡುತ್ತಾರೆ ಹೇಳಿ? ನನಗೆ ಅಳು ಬಂತು. ಅತ್ತೆಯ ಆ ಒಂದು ಹೂಂ ಮಾತ್ರ ಬಿಟ್ಟುಬಿಡಲೇ ಎಂದೂ ಅನಿಸಿತು. ಕೊನೆಗೆ ಅದನ್ನೂ ಅಳಿಸಿ, ನಿಯಮದಂತೆ "ಮೌನ" ಎಂದು ಬರೆದು, ಸಂಜೆಯೊಳಗೆ ಕಳಿಸಿದೆ.

ಚಹಾ ಕೊಡುವಾಗ ಅತ್ತೆಗೆ ತಪ್ಪೊಪ್ಪಿಕೊಂಡೆ. ಅವನು ಕೇಳಿದ್ದೇನೆಂದೂ ಹೇಳಿದೆ. "ನಿಮ್ಮ ಹೂಂ ಎಲ್ಲಾ ಅಳಿಸಿಬಿಟ್ಟೆನ್ರಿ."

ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾವನ್ನು ನಿಧಾನವಾಗಿ ಮುಗಿಸಿದರು. "ಅಳಿಸವ್ವ, ಅದು ನಿನ್ನ ಕೆಲಸ. ನಾ ಏನ್ ನಿನ್ನ ಕಾಗದಕ್ಕ ಅಂದಿದ್ನೇನು? ಅಂವ ಕೇಳಿದ, ಅವಗ ಅಂದೆ."

ಕಚೇರಿಗೆ ಮಾತು ಕೊಟ್ಟಂತೆ ಹೊಸ ಹೆಡ್‌ಫೋನ್ ತಂದು ತಿಂಗಳಾಯಿತು, ನಿನ್ನೆಯವರೆಗೂ ಡಬ್ಬಿಯಲ್ಲೇ ಇತ್ತು. ಪಡಸಾಲೆಯಲ್ಲಿ ಮುದುಕರು ಬಹಿರಂಗವಾಗಿಯೇ ಹಾರುತ್ತಾರೆ, ಇಳಿಯುತ್ತಾರೆ. ಅತ್ತೆ ಹೂಂ ಅಂದಾಗ ನನ್ನ ಬೆರಳುಗಳು ಕೀಲಿಮಣೆಯ ಮೇಲೆ ತಡೆದು ನಿಲ್ಲುತ್ತವೆ, ಬರೆಯುವುದಿಲ್ಲ. ಅವರು ಹೂಲಿಗೆ ಹೋದ ದಿನ ನಾನೇ ಅನ್ನುತ್ತೇನೆ. ಆಗಾಗ ಕಚೇರಿಯ ಹುಡುಗಿ ಹೊಸ ಹೆಡ್‌ಫೋನ್ ಹೇಗಿದೆ ಎಂದು ವಿಚಾರಿಸುತ್ತಾಳೆ. ಅದನ್ನೂ ಇಲಿ ಕಡಿಯಿತು ಅನ್ನೋಣವೆಂದರೆ, ಸುಳ್ಳು ಹೇಳುವುದು ತಪ್ಪಲ್ಲವೇ? ಅದಕ್ಕೇ ನಿನ್ನೆ ಡಬ್ಬಿ ತೆರೆದು, ವೈರನ್ನು ಇಲಿಯ ಬಿಲದ ಬಾಯಿಗೆ ಚಾಚಿ, ಪಕ್ಕದಲ್ಲಿ ಒಂದು ಹಿಡಿ ಶೇಂಗಾ ಇಟ್ಟಿದ್ದೇನೆ.