ನಾನು ತಿದ್ದಿದ ಹೃದಯ

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಪೆನ್ಸಿಲ್ಲಿನಲ್ಲಿ ಬರೆದ ಯಂತ್ರದ ನಕ್ಷೆಯ ಮೇಲೆ ಟ್ರೇಸಿಂಗ್ ಶೀಟ್ ಹಾಸಿ ಇಂಕಿನಲ್ಲಿ ಪ್ರತಿ ತೆಗೆಯುವುದು ನನ್ನ ಕೆಲಸ. ಅವರ ಗೆರೆ ಸೊಟ್ಟಗಿದ್ದರೆ ನೆಟ್ಟಗೆ ಮಾಡಬೇಕು. ಬಾಗು ಒರಟಾಗಿದ್ದರೆ ಫ್ರೆಂಚ್ ಕರ್ವ್ ಎಂಬ ಪ್ಲಾಸ್ಟಿಕ್ ಅಚ್ಚು ಇಟ್ಟು ನಯ ಮಾಡಬೇಕು. ಕಾಫಿ ಕಲೆ ಬಿದ್ದಿದ್ದರೆ ಅದನ್ನು ಬಿಟ್ಟು ಎಳೆಯಬೇಕು. ಇದೆಲ್ಲ ಯಾರೂ ಹೇಳಿಕೊಡದೆ ಕೈಗೆ ಬಂದುಬಿಡುತ್ತದೆ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಶೀಟೂ ವಾಪಸು ಬಂದಿರಲಿಲ್ಲ, ಆ ಜಂಬ ನನಗೆ ಬೇಕಾದಷ್ಟಿತ್ತು. ಬೇರೆಯವರ ಗೆರೆ ನಡುಗಿದ್ದು ಕಂಡರೆ ಮೈ ಉರಿಯುತ್ತಿತ್ತು.

ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಗೆ ಧಾರವಾಡದ ಕಡೆಯವನೊಬ್ಬ ಬಾಡಿಗೆಗೆ ಬಂದ. ನನಗಿಂತ ಐದಾರು ವರ್ಷ ಚಿಕ್ಕವನು, ಪಿಎಚ್‌ಡಿ ಮಾಡುತ್ತಿದ್ದ. ಹೃದಯದೊಳಗೆ ರಕ್ತ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವನ ವಿಷಯ.

"ನಲ್ಲೀಲಿ ನೀರು ಎಷ್ಟೊತ್ತಿಗೆ ಬರುತ್ತೆ ಅಂತ ಹೇಳೋಕಾಗಲ್ಲ, ಹೃದಯದ ಲೆಕ್ಕ ಹಾಕ್ತೀರಾ?" ಎಂದರು ಅಮ್ಮ.

"ಹೃದಯಾನೂ ಒಂದು ಕೊಳವೀನ ಅಮ್ಮಾರ. ಆದ್ರ ಇದರ ಗೋಡಿ ಅಲಗಾಡತೈತಿ, ಅದ ತ್ರಾಸು," ಎಂದ.

ಗೋಡೆ ಹೇಗೆ ಅಲುಗಾಡುತ್ತದೆಂಬುದನ್ನು ಕಂಪ್ಯೂಟರಿಗೆ ಅವನೇ ಹೇಳಬೇಕಿತ್ತು. ರೋಗಿಯೊಬ್ಬರ ಹೃದಯಕ್ಕೆ, ಎಕ್ಸ್‌ರೇಯಲ್ಲಿ ಎದ್ದು ಕಾಣುವ ಔಷಧ ಬಿಟ್ಟು ತೆಗೆದ ಫಿಲಂ ಸುರುಳಿಯೊಂದನ್ನು ಅವನು ಆಸ್ಪತ್ರೆಯಿಂದ ತಂದಿದ್ದ. ಒಂದು ಬಡಿತಕ್ಕೆ ಇಪ್ಪತ್ತೆಂಟು ಚಿತ್ರ. ಒಂದೊಂದನ್ನೂ ಪ್ರೊಜೆಕ್ಟರಿನಿಂದ ಹಾಳೆಯ ಮೇಲೆ ಬೀಳಿಸಿ, ಹೃದಯದ ಅಂಚಿನ ಗೆರೆ ಎಳೆದು, ಗೆರೆಯ ಮೇಲಿನ ಬಿಂದುಗಳನ್ನು ಅಳೆದು ಕಂಪ್ಯೂಟರಿಗೆ ತುಂಬಬೇಕು. ಅವನು ಎಳೆಯತೊಡಗಿದ್ದ ಅರ್ಧ ಗೆರೆ ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಏನ್ರೀ ಇದು, ಬಸ್ಸಲ್ಲಿ ಕೂತ್ಕೊಂಡು ಬರೆದ್ರಾ? ಕೊಡಿ ಇಲ್ಲಿ."

ಎರಡು ಭಾನುವಾರ ಕೂತು ಎಲ್ಲವನ್ನೂ ಎಳೆದೆ. ಹೃದಯದ ಕೆಳತುದಿಯಲ್ಲಿ ಇಂಕು ಹರಡಿದಂತೆ ಮಸುಕಾದ ಒಂದು ಉಬ್ಬು ಇತ್ತು. ಔಷಧದ ಕಲೆಯಿರಬೇಕು ಎಂದುಕೊಂಡೆ. ಅವನನ್ನು ಕೇಳಬೇಕೆಂದೇ ಹೊಳೆಯಲಿಲ್ಲ. ಅಚ್ಚು ಇಟ್ಟು ತುದಿಯನ್ನು ದುಂಡಗೆ ಮುಗಿಸಿದೆ. ಅವನು ಶೀಟುಗಳನ್ನು ನೋಡಿ, "ಪುಸ್ತಕದಾಗ ಇರೋ ಹಂಗ ಬಂದೈತಿ ಅಕ್ಕಾರ!" ಎಂದು ಫಿಲಮ್ಮನ್ನು ಡಬ್ಬಿಗೆ ಹಾಕಿಟ್ಟ.

ತಿಂಗಳಾದ ಮೇಲೆ ಫಲಿತಾಂಶ ಬಂತು. ಕಾಗದದ ತುಂಬ ಪುಟ್ಟ ಪುಟ್ಟ ಬಾಣಗಳು, ರಕ್ತ ಎತ್ತ ಹರಿಯುತ್ತದೆ, ಎಷ್ಟು ಜೋರಾಗಿ ಎಂದು. ಆಸ್ಪತ್ರೆಯ ಡಾಕ್ಟರು ಅದನ್ನು ಓಡಾಟದ ನಡುವೆಯೇ ನೋಡಿ ನಕ್ಕುಬಿಟ್ಟರಂತೆ. "ಈ ಮನುಷ್ಯ ಹತ್ತು ಮೆಟ್ಟಿಲು ಹತ್ತಿದ್ರೆ ಕೂತ್ಕೋತಾರೆ ಕಣ್ರೀ. ನಿಮ್ಮ ಕಂಪ್ಯೂಟರಲ್ಲಿ ಗಟ್ಟಿಮುಟ್ಟಾಗಿದಾರಲ್ಲ!"

ಅವನು ಅದನ್ನು ಹೇಳುತ್ತಿರುವಾಗಲೇ ನನಗೆ ಆ ಉಬ್ಬು ನೆನಪಾಯಿತು. ಇಪ್ಪತ್ತೆಂಟು ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಲೆ ಬೀಳುವುದುಂಟೇ? ಆದರೂ ಬಾಯಿ ಬಿಡಲಿಲ್ಲ. ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇದೆ ಎಂದು ಅವನು ನಂಬಿದ್ದ, ನಂಬಿಕೊಳ್ಳಲಿ ಎಂದು ನಾನೂ ಬಿಟ್ಟೆ. ನಾಲ್ಕು ವಾರದಲ್ಲಿ, ಅವನ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಯ ಮುಂದೆ ಸರಿಯಾದ ಫಲಿತಾಂಶ ತೋರಿಸದಿದ್ದರೆ ಅವನ ಫೆಲೋಶಿಪ್ ಹಣ ನಿಲ್ಲುತ್ತಿತ್ತು, ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅದು ಗೊತ್ತಿದ್ದೂ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬಂದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಮಿತಿ ಸೇರುವುದು ಶುಕ್ರವಾರ. ಹಿಂದಿನ ಭಾನುವಾರ ಬೆಳಿಗ್ಗೆ ಅವನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುಗೀತು ಅಕ್ಕಾರ. ಪ್ರೋಗ್ರಾಮಿನಾಗ ಒಂದು ಸಂಖ್ಯೆ ಬದಲಿ ಮಾಡಿದ್ರ ಹೃದಯದ ಜೋರು ಕಮ್ಮಿ ಆಗತೈತಿ. ಡಾಕ್ಟರ್ ಹೇಳಿದಂಗ ಬರತೈತಿ," ಎಂದ.

"ಯಾಕೆ ಆ ಸಂಖ್ಯೆ ಅಂತ ಕೇಳಿದ್ರೆ?"

"ಏನರ ಹೇಳಬೇಕು," ಎಂದು ನೆಲ ನೋಡಿದ.

ಸುಳ್ಳು ಹೇಳಿ ಗೊತ್ತಿದ್ದವನಲ್ಲ ಅವನು. ಹೇಳಲು ಹೊರಟಿದ್ದು ನನ್ನ ದೆಸೆಯಿಂದ. ಒಲೆ ಆರಿಸಿದೆ. "ಸಂಖ್ಯೆ ಮುಟ್ಟಬೇಡಿ. ಫಿಲಂ ತೆಗೀರಿ. ತುದೀಲಿ ಒಂದು ಉಬ್ಬಿದೆ, ಕಲೆ ಅಂದ್ಕೊಂಡು ನಾನೇ ತೆಗೆದುಬಿಟ್ಟೆ."

ಮೇಲೆ ಹೋಗಿ ಇಬ್ಬರೂ ನೋಡಿದೆವು. ಉಳಿದ ಹೃದಯವೆಲ್ಲ ಕುಗ್ಗುವಾಗ ಆ ಜಾಗ ಮಾತ್ರ ಚೀಲದಂತೆ ಹೊರಗೆ ಜೋತುಕೊಳ್ಳುತ್ತಿತ್ತು.

"ಯಾವಾಗ ಗೊತ್ತಾತ್ರಿ?"

"ಡಾಕ್ಟರ್ ನಕ್ಕರು ಅಂದ್ರಲ್ಲ, ಆವತ್ತೇ."

"ಮೂರು ವಾರ ಅಕ್ಕಾರ! ಒಂದೊಂದು ಸಾಲೂ ತಿರುವಿ ಹಾಕೇನಿ. ನೀವು ಕೆಳಗ ಕುಂತು ನೋಡಾಕತ್ತಿದ್ರಿ?"

ನಾನು ಹಳೆಯ ಶೀಟುಗಳನ್ನು ಪಕ್ಕಕ್ಕಿಟ್ಟು, ಹೊಸ ಹಾಳೆ ಕೇಳಿ ತೆಗೆದುಕೊಂಡೆ.

ಸೋಮವಾರ ರಜೆ ಹಾಕಿದೆ. ರಾತ್ರಿಯವರೆಗೂ ಕೂತು ಮತ್ತೆ ಇಪ್ಪತ್ತೆಂಟನ್ನೂ ಎಳೆದೆ. ಕಣ್ಣಿಗೆ ಕಂಡದ್ದನ್ನೇ ಎಳೆಯುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಉಬ್ಬಿನ ಹತ್ತಿರ ಬಂದರೆ ಕೈ ತಾನಾಗಿ ದುಂಡಗೆ ಹೊರಳುತ್ತಿತ್ತು. ಕೊನೆಗೆ ಅಚ್ಚನ್ನು ಅಮ್ಮನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಎಂದೆ. ಕಾರ್ಖಾನೆಯಲ್ಲಾಗಿದ್ದರೆ ಆ ಶೀಟುಗಳನ್ನು ಹರಿದು ಮುಖಕ್ಕೆ ಎಸೆಯುತ್ತಿದ್ದರು.

ಗುರುವಾರ ಹೊಸ ಕಾಗದ ಬಂತು. ತುದಿಯ ಚೀಲದಲ್ಲಿ ಬಾಣಗಳು ಸಣ್ಣದಾಗಿ, ಹೊರಗೆ ಹೋಗಲಾರದೆ ಅಲ್ಲಲ್ಲೇ ಸುತ್ತುತ್ತಿದ್ದವು. ಈ ಸಲ ಡಾಕ್ಟರು ನಗಲಿಲ್ಲವಂತೆ. ಬೆರಳಿಟ್ಟು, "ರಕ್ತ ಹೆಪ್ಪುಗಟ್ಟೋದು ಇಲ್ಲೇ," ಎಂದರಂತೆ.

ಶುಕ್ರವಾರ ಸಂಜೆ ಅವನು ಪೇಡೆ ಹಿಡಿದುಕೊಂಡು ಬಂದ. ಫೆಲೋಶಿಪ್ ಮುಂದುವರಿದಿತ್ತು. ಮೊದಲು ಯಾಕೆ ತಪ್ಪಿತೆಂದು ಸಮಿತಿಯವರು ಕೇಳಿದರಂತೆ. "ಪ್ರೋಗ್ರಾಮಿನ ದೋಷ ಅಂದೆ. ನಿಮ್ಮ ವಿಚಾರ ಎತ್ತಲೇ ಇಲ್ಲರಿ," ಎಂದು ನಕ್ಕ. ಸಿಟ್ಟು ಇಳಿದಿತ್ತು. ತಾನು ನನ್ನ ಮಾನ ಉಳಿಸಿದೆನೆಂದುಕೊಂಡಿದ್ದ.

ಒಂದು ನಿಮಿಷ ನನಗೂ ಹಾಯೆನಿಸಿತು. ಆಮೇಲೆ ಒಂದು ಯೋಚನೆ ಬಂತು. ನನ್ನ ತಪ್ಪು ಇಲ್ಲವೆಂದಾದರೆ ಸೋಮವಾರ ನಾನು ಎಳೆದದ್ದೂ ಇಲ್ಲ. ಆ ಬಾಣಗಳೆಲ್ಲ ತಾವೇ ಬಂದು ಕೂತ ಹಾಗಾಯಿತು.

"ನಿಮ್ಮ ಪ್ರಬಂಧದಲ್ಲಿ ಹಾಗೆ ಬರೀಬೇಡಿ," ಎಂದೆ. "ತಪ್ಪು ಮಾಡಿದ್ದು ನಾನು. ಹಾಗಂತಲೇ ಬರೀರಿ."

ಅವನು ಪೇಡೆಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ.

ಎರಡು ವರ್ಷದ ಮೇಲೆ ಅವನ ಪ್ರಬಂಧ ಬಂತು. ಇಂಗ್ಲಿಷಿನಲ್ಲಿದ್ದ ಒಂದು ಪುಟ ತೆರೆದು ಅರ್ಥ ಹೇಳಿದ. ಮೊದಲ ಸಲ ಟ್ರೇಸರ್ ಆ ಉಬ್ಬನ್ನು ಕಲೆಯೆಂದು ತಿಳಿದು ತಿದ್ದಿದ್ದರು. ಎರಡನೆಯ ಸಲ ಅವರೇ ಇದ್ದದ್ದನ್ನು ಇದ್ದ ಹಾಗೆ ಎಳೆದರು, ಈ ಫಲಿತಾಂಶ ಅದರದು. ನಾನು ಅಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಯಾರಾದರೂ ಬರೆದಿಟ್ಟ ಮಾತು ಅದೊಂದೇ.