ದಡಿಯಲ್ಲಿ ನೇಯ್ದ ಮಾತು

ನಮ್ಮ ಭಾಷೆಯಲ್ಲಿ ದಣಿವಿಗೆ ಏಳು ಪದಗಳಿವೆ. ಮಗ್ಗದ ಮುಂದೆ ಕೂತು ಬರುವ ದಣಿವು ಬೇರೆ, ಮನೆಗೆ ಬಂದ ನೆಂಟರ ಮಾತು ಕೇಳಿ ಬರುವ ದಣಿವು ಬೇರೆ. ಎಂಟನೆಯದನ್ನು ಈಚೆಗೆ ನಾನೊಬ್ಬಳೇ ಮಾಡಿಕೊಂಡೆ. ಬನಹಟ್ಟಿಯಿಂದ ಮುಧೋಳದವರೆಗೆ ಬಸ್ಸಿನಲ್ಲಿ ನಿಂತು ಹೋಗಿ, ದಿನವಿಡೀ ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿ, ಮತ್ತೆ ನಿಂತೇ ಬರುವ ದಣಿವು. ಅದಕ್ಕೆ 'ಬೋಮುವಾ' ಅನ್ನುತ್ತೇನೆ. ಯಾರ ಮುಂದೆ ಅನ್ನುತ್ತೀ ಎಂದು ಮಾತ್ರ ಕೇಳಬೇಡಿ.

ನಮ್ಮ ಭಾಷೆ ಅಂದರೆ ನಾನೂ ಅಕ್ಕನೂ ಕೂಡಿ ಹುಟ್ಟಿಸಿದ್ದು. ನನಗಾಗ ಒಂಬತ್ತು ವರ್ಷ, ಅವಳಿಗೆ ಹದಿಮೂರು. ಪಡಸಾಲೆಯಲ್ಲಿ ಅಪ್ಪನ ಮಗ್ಗ, ಎರಡೂ ಪಕ್ಕದ ಮನೆಗಳಲ್ಲಿ ಪವರ್‌ಲೂಮು. ಆ ಖಟಖಟದಲ್ಲಿ ನಮ್ಮ ಓಣಿಯವರು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಮಾತು ಕೇಳುವುದು. ಎದುರಿಗಿದ್ದವರ ತುಟಿ ನೋಡಿದರೆ ಸಾಕು, ಚಹಾ ಕೇಳಿದರೋ ಚಿಮಟಿಗೆ ಕೇಳಿದರೋ ತಿಳಿಯುತ್ತದೆ. ಅದಕ್ಕೇ ಅಕ್ಕ ಕಾಯಿದೆ ಮಾಡಿದಳು: ತುಟಿಯ ಮೇಲೆ ಕಾಣುವ ಸದ್ದು ಮಾತ್ರ ನಮ್ಮ ಭಾಷೆಯಲ್ಲಿ ಇರಬೇಕು. ಪ, ಬ, ಮ, ವ; ಜೊತೆಗೆ ಆ, ಉ, ಓ. ಚಹಾ 'ಮೋಪಾ' ಆಯಿತು, ಅಪ್ಪ 'ಬುವಾ' ಆದ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ ಎಂದು ಈ ಇಬ್ಬರು ಜಾಣೆಯರಿಗೆ ಹೊಳೆಯುವಷ್ಟರಲ್ಲಿ ನಾಲ್ಕು ನೂರು ಪದಗಳಾಗಿದ್ದವು. ಅಷ್ಟನ್ನೂ ಕೆಡಿಸಲು ಯಾರಿಗೆ ಮನಸ್ಸು ಬರುತ್ತದೆ? ಬಾಯಿಂದ ಆಗದಿದ್ದರೆ ಬರೆದು ತೋರಿಸೋಣ ಎಂದು ಲಿಪಿ ಮಾಡಲು ಕೂತೆವು.

ಮನೆಯಲ್ಲಿ ಸಾಲಿ ನೋಟುಬುಕ್ಕಿಗಿಂತ ಗ್ರಾಫ್ ಹಾಳೆಯೇ ಹೆಚ್ಚು. ಅಪ್ಪ ನೇಯುತ್ತಿದ್ದದ್ದಲ್ಲದೆ, ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರಕ್ಕೆ ರಟ್ಟಿನ ಪಟ್ಟಿ ಹೊಡೆದುಕೊಡುತ್ತಿದ್ದ. ಗ್ರಾಫ್ ಹಾಳೆಯಲ್ಲಿ ಯಾವ ಚೌಕ ತುಂಬಿದೆಯೋ ಅದಕ್ಕೆ ರಟ್ಟಿನಲ್ಲಿ ಒಂದು ತೂತು. ಪಟ್ಟಿಗಳನ್ನು ಸರದ ಹಾಗೆ ಹೊಲಿದು ಮಗ್ಗದ ಮೇಲೆ ಏರಿಸಿದರೆ, ತೂತಿದ್ದಲ್ಲಿ ಎಳೆ ಏಳುತ್ತದೆ, ದಡಿಯಲ್ಲಿ ಹೂವು ಮೂಡುತ್ತದೆ. ಸರ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಅದೇ ಹೂವು. ಅಪ್ಪ ಬಿಸಾಕಿದ ಹಾಳೆಗಳ ಮೇಲೆ ನಾವು ಚೌಕ ತುಂಬಿ ತುಂಬಿ ಅಕ್ಷರ ಮಾಡಿದೆವು. ನೋಡುವವರಿಗೆ ಬಳ್ಳಿ, ತೇರಿನ ಚೂಪು, ಬಾತುಕೋಳಿ. ನಮಗೆ ಮಾತು. ಒಲೆಯ ಮುಂದೆ ಕೂತ ಅವ್ವನ ಬಗ್ಗೆಯೇ ದೂರು ಬರೆದು ಅವಳ ಕೈಯಿಂದಲೇ ಒಬ್ಬರಿಗೊಬ್ಬರು ಕಳಿಸಿದ್ದೇವೆ.

ಹೀಗೆ ಹನ್ನೊಂದು ವರ್ಷ ನಡೆಯಿತು. ಆಮೇಲೆ ಅಕ್ಕನಿಗೆ ತೇರದಾಳದ ಗಂಡು ಗೊತ್ತಾಯಿತು.

ಮಾತು ಮುಗಿಸಲು ಗಂಡಿನ ಕಡೆಯವರು ಬಂದ ದಿನ ಪಡಸಾಲೆ ತುಂಬಿತ್ತು. ಸೊಸೆಗೆ ಏನೇನು ಬರುತ್ತದೆ ಎಂದು ಯಾರೋ ಕೇಳಿದರು. ಅಕ್ಕ ಗಾಬರಿಯಾಗಿದ್ದಳೋ, ಎಲ್ಲರನ್ನೂ ನಗಿಸಬೇಕು ಅಂದುಕೊಂಡಳೋ, ನಮ್ಮ ಭಾಷೆಯ ಗುಟ್ಟನ್ನು ಬಿಚ್ಚಿಟ್ಟುಬಿಟ್ಟಳು. "ನನ್ನ ತಂಗಿ ಇನ್ನೂ ಅದರಾಗನ ಡೈರಿ ಬರೀತಾಳ್ರಿ," ಅಂದಳು. ಗಂಡಿನ ಸೋದರತ್ತೆ ನನ್ನನ್ನು ಎಳೆದು ನಡುವೆ ಕೂರಿಸಿ, "ಮಾತಾಡವಾ, ಕೇಳೂಣು," ಅಂದರು. ನಾನು ಎರಡು ಮಾತು ಆಡಿದೆ. ಪಡಸಾಲೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಆ ನಗು ನನಗೆ ಸಹಿಸಲಾಗಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಮರುದಿನ ಒಂದು ಗ್ರಾಫ್ ಹಾಳೆ ತೆಗೆದುಕೊಂಡು, ಚೌಕಕ್ಕೆ ಚೌಕ ಒತ್ತಿ ತುಂಬಿ ಬರೆದೆ: ಹೋದಾಕಿ ಹೋಗಿಬಿಡು, ಮತ್ತ ಈ ಮನಿಗೆ ಬರಬ್ಯಾಡ. ಅವಳ ಕೈಗೆ ಕೊಡಬೇಕೆಂದೇ ಬರೆದದ್ದು. ಕೊಡುವಷ್ಟು ಧೈರ್ಯ ಆಗಲಿಲ್ಲ. ಅಪ್ಪನ ರಟ್ಟುಗಳ ಕೆಳಗೆ ತುರುಕಿ, ಪರೀಕ್ಷೆಗೆಂದು ಜಮಖಂಡಿಯ ಚಿಕ್ಕಮ್ಮನ ಮನೆಗೆ ಹೋದೆ. ಅಲ್ಲಿದ್ದ ಎರಡು ವಾರದಲ್ಲಿ ಸಿಟ್ಟೂ ಇಳಿಯಿತು, ಹಾಳೆಯೂ ಮರೆತುಹೋಯಿತು.

ತಿರುಗಿ ಬಂದಾಗ ಅಪ್ಪ ಬಾಗಿಲಲ್ಲೇ ಕೈ ಹಿಡಿದು ಮಗ್ಗದ ಹತ್ತಿರ ಕರೆದೊಯ್ದ. ಅಕ್ಕನ ಲಗ್ನದ ಸೀರೆ ಮುಕ್ಕಾಲು ನೇಯ್ದಾಗಿತ್ತು. ದಾಳಿಂಬೆ ಬಣ್ಣದ ಒಡಲು, ಹಳದಿ ದಡಿ. ದಡಿಯ ಉದ್ದಕ್ಕೂ, ಎರಡೂ ಬದಿಗೆ, ಗೇಣಿಗೊಂದು ಸಲ ನನ್ನ ಮಾತು.

"ನೀ ಚಿತ್ರಾ ತಗದ ಇಟ್ಟಿದ್ದು ಸಿಕ್ಕಿತವಾ," ಅಂದ ಅಪ್ಪ. "ಅಕ್ಕಗ ಅಂತ ತಗದಿ, ಬಾಯಿಬಿಟ್ಟ ಹೇಳಿಲ್ಲ. ಇಂಥಾ ದಡಿ ನಮ್ಮ ಊರಾಗ ಯಾರೂ ತಗದಿಲ್ಲ."

ಅಪ್ಪನ ತಪ್ಪೇನಿದೆ? ಚೌಕ ತುಂಬಿದ ಹಾಳೆ ಕಂಡರೆ ಆ ಮನುಷ್ಯ ತೂತು ಹೊಡೆಯುತ್ತಾನೆ. ಆ ಚೌಕಗಳೇ ಅಕ್ಷರ ಎಂದು ಅಕ್ಕ ಅವತ್ತೂ ಹೇಳಿರಲಿಲ್ಲ; ಅದು ಅವನ ತಲೆಗೆ ಹೊಳೆಯುವಂಥದ್ದೂ ಅಲ್ಲ. ತಪ್ಪು ನನ್ನದು. ಆಗಲೇ ಹೇಳಿದ್ದರೆ ರಟ್ಟಿನ ಸರ ಇಳಿಸಿ ಬೇರೆ ಸೀರೆ ಏರಿಸಲು ದಿನಗಳಿದ್ದವು. ಅಪ್ಪನ ಮುಖ ನೋಡಿ ಬಾಯಿ ಬರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ, ಒಳಗೆಲ್ಲೋ ಇಷ್ಟು ಖುಷಿಯೂ ಆಗಿತ್ತು. ಓದಲಿ, ಅವಳಿಗೂ ಚುರುಕ್ಕೆನ್ನಲಿ ಅಂದುಕೊಂಡೆ.

ಅತ್ತೆಮನೆಗೆ ಹೊರಡುವ ಮುಂಚೆ ಅವ್ವ ಆ ಸೀರೆ ಇಟ್ಟು ಅಕ್ಕನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊನೆ, ಅದರ ಕೆಳಗೆ ಸೀರೆ. ಅಕ್ಕ ಉಡಿ ಹಿಡಿದುಕೊಂಡು ಕೂತಲ್ಲೇ ಹೆಬ್ಬೆರಳಿನಿಂದ ದಡಿಯನ್ನು ಸವರಿದಳು. ಬೆರಳು ಒಂದು ಕಡೆ ನಿಂತಿತು. ನನ್ನ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ ನೋಡಿದಳು. "ಛಲೋ ಐತಿ," ಅಂದಳು.

ತೇರದಾಳ ಏನು ದೂರದ ಊರೇ? ಬಸ್ಸು ಹತ್ತಿ ಚೀಟಿ ಹರಿಸುವಷ್ಟರಲ್ಲಿ ಬಂದಿರುತ್ತದೆ. ಆದರೂ ಅಕ್ಕ ತವರಿಗೆ ಬಂದು ಒಂದು ರಾತ್ರಿ ಉಳಿದದ್ದಿಲ್ಲ. ನಾಗರ ಪಂಚಮಿಗೆ ಕರೆಯಲು ಅಪ್ಪ ಹೋಗುತ್ತಿದ್ದ. ಬಟ್ಟೆಯ ಚೀಲವೂ ಇಲ್ಲದೆ ಬರಿಗೈಯಲ್ಲಿ ಬರುತ್ತಿದ್ದಳು, ಉಂಡಿ ತಿಂದು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಒಂದು ಗಳಿಗೆ ಕೂತು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಮನೆತುಂಬ ಕೆಲಸ ಅನ್ನುತ್ತಿದ್ದಳು. ಅವ್ವ ತೀರಿಕೊಂಡಾಗಲೂ ಮಣ್ಣು ಮಾಡಿದ ಸಂಜೆಯೇ ಹೊರಟಳು. ಓದಿದ್ದಾಳೋ ಇಲ್ಲವೋ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಓದಿದ್ದಾಳೆ ಎಂದು ಗೊತ್ತಿದ್ದವಳು ಏನಂತ ಕೇಳಬೇಕು?

ಸಾಲದ್ದಕ್ಕೆ ಆ ದಡಿ ನಡೆದುಬಿಟ್ಟಿತು. ಅಪ್ಪ ಪಟ್ಟಿ ಹೊಡೆದುಕೊಡುತ್ತಿದ್ದ ಮಾಲಕರು ನೋಡಿ ಮೆಚ್ಚಿ, ತಮ್ಮ ಮಗ್ಗಗಳಿಗೂ ಏರಿಸಿದರು. ರಬಕವಿಯವರು ನೋಡಿ ನೇಯ್ದರು. ಈಗಲೂ ಮುಧೋಳದ ಸ್ಟ್ಯಾಂಡಿನಲ್ಲಿ ಯಾವಳೋ ಪುಣ್ಯಾತ್ಮಳು ಮಗನ ಮನೆಗೋ ತವರಿಗೋ ಹೊರಟು, ಕೈಯಲ್ಲಿ ಬುತ್ತಿ ಹಿಡಿದು ನಿಂತಿರುತ್ತಾಳೆ. ಅವಳ ಹಿಮ್ಮಡದ ಸುತ್ತ ಮತ್ತ ಬರಬ್ಯಾಡ, ಮತ್ತ ಬರಬ್ಯಾಡ ಎಂದು ಬರೆದಿರುತ್ತದೆ. ಲೋಕದ ಭಾಷೆಗಳನ್ನೆಲ್ಲ ಬಿಟ್ಟು ಹೊಸದೊಂದು ಮಾಡಿದ್ದಕ್ಕೆ ನನಗೆ ಸಿಕ್ಕ ಓದುಗರು ಇವರು. ಮನೆಗೆ ಬಂದರೆ, ಕಿವಿ ಪೂರ್ತಿ ಮಂದವಾದ ಅಪ್ಪ ಬಂದವರಿಗೆಲ್ಲ ಕೂಗಿ ಹೇಳುತ್ತಿರುತ್ತಾನೆ, "ನಮ್ಮ ಸಣ್ಣಾಕಿ ತಗದದ್ರಿ ಅದು."

ಈಚೆಗೆ ಮೊಬೈಲಿನಲ್ಲಿ ಒಂದು ಗುಂಪಿಗೆ ಸೇರಿಕೊಂಡೆ. ನನ್ನಂತೆ ಭಾಷೆ ಹುಟ್ಟಿಸುವ ಚಟದವರು ಲೋಕದ ತುಂಬ ಇದ್ದಾರೆ ಎಂದು ಆಗಲೇ ಗೊತ್ತಾದದ್ದು. ನಮ್ಮ ಲಿಪಿ ಹಾಕಿದೆ, ಪದಪಟ್ಟಿ ಹಾಕಿದೆ. ಯಾರೋ ಕೇಳಿದರು, ಈ ಭಾಷೆ ಬಲ್ಲವರು ಎಷ್ಟು ಜನ? ಎರಡು ಎಂದು ಬರೆದೆ. ಆ ಎರಡನೆಯವಳ ಜೊತೆ ಹದಿನೆಂಟು ವರ್ಷದಿಂದ ಆ ಭಾಷೆಯಲ್ಲಿ ಆಡಿದ್ದು ಒಂದೇ ಮಾತು.

ಈ ಸಲದ ಪಂಚಮಿಗೆ ಅಪ್ಪನ ಕೈಯಲ್ಲಿ ಆಗಲಿಲ್ಲ, ಕರೆಯಲು ನಾನೇ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಎಳ್ಳು ಆರಿಸುತ್ತಿದ್ದಳು. ಮೈಮೇಲೆ ಅದೇ ಸೀರೆ. ಒಡಲು ತೊಳೆದು ತೊಳೆದು ಬೆಳ್ಳಗಾಗಿತ್ತು, ದಡಿ ಅಲ್ಲಲ್ಲಿ ಎಳೆ ಬಿಚ್ಚಿ ಜೂಲಾಗಿತ್ತು. ಇಷ್ಟು ಹಳೆಯದಾಗಬೇಕಾದರೆ ಅದನ್ನು ಎಷ್ಟು ಸಲ ಉಟ್ಟಿರಬೇಕು ಎಂದು ನೇಕಾರರ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಪಕ್ಕಕ್ಕೆ ಕೂತೆ.

"ಅವತ್ತ ನೀ ಇದನ್ನ ಓದಿದ್ಯೇನಕ್ಕಾ?"

"ಓದೇನಿ. ಅವ್ವ ಉಡಿ ತುಂಬೂಮುಂದನ ಓದೇನಿ."

"ಮತ್ತ ಯಾಕ ಉಡತಿ?"

"ಅಪ್ಪ ನೇದಾನ, ಉಡದ ಏನ ಮಾಡ್ಲಿ?" ಎಳ್ಳಿನಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. "ಮನಿ ಭಾಳ ನೆನಪಾದ ದಿನ ಇದನ್ನ ಉಡತಿದ್ನಿ. ನಿರಿಗಿ ಹಿಡಿಯೂಮುಂದ ಕಣ್ಣಿಗೆ ಬೀಳತಿತ್ತು. ತಂಗಿ ಬ್ಯಾಡ ಅಂದಾಳ, ಯಾಕ ಹೋಗೂದ ಬಿಡು ಅಂತ ಸುಮ್ಮಕ ಆಗತಿದ್ನಿ."

ಬೆಳಿಗ್ಗೆಯಿಂದ ಬಸ್ಸಿನಲ್ಲಿ ನಮ್ಮ ಭಾಷೆಯಲ್ಲೇ ನಾಲ್ಕು ಸಾಲು ಕಟ್ಟಿಕೊಂಡು ಬಂದಿದ್ದೆ. ಗ್ರಾಫ್ ಹಾಳೆಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೂ ಇದ್ದೆ. ತೆಗೆಯಲಿಲ್ಲ.

"ಸಿಟ್ಟಿನ್ಯಾಗ ಬರದಿದ್ನಿ ಅಕ್ಕಾ. ತಪ್ಪಾತು. ಮನಿಗಿ ಬಾ," ಅಂದೆ.

ಅಕ್ಕ ಎಳ್ಳಿನ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಮ್ಮ ಎಂಟು ಪದಗಳಲ್ಲಿ ಯಾವುದೂ ಅದಕ್ಕೆ ಹೊಂದುತ್ತಿರಲಿಲ್ಲ.

"ಇಷ್ಟ ಹೇಳಾಕ ಕನ್ನಡ ಸಾಕಿತ್ತಲ್ಲ ಬೇ," ಅಂದಳು.

ಎದ್ದು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕೂತು ಉಳಿದ ಎಳ್ಳು ಆರಿಸಿದೆ. ಹೊರಗೆ ಬಂದಾಗ ಬೇರೆ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲ ಇತ್ತು.