ಕೋಣೆಯ ನಡುವಿನ ಕಡಲು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಿರಿಯೂರಿನ ಹುಡುಗಿಯರ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಊರು ಕುಂದಾಪುರದ ಹತ್ತಿರ, ಕಡಲದಂಡೆ. ಅಮ್ಮ ತೀರಿಕೊಂಡ ವರ್ಷವೇ ಕೆಲಸದ ಆದೇಶ ಬಂದಿತ್ತು. ಮನೆಯಲ್ಲಿ ಉಳಿದವರು ಅಣ್ಣ, ಅತ್ತಿಗೆ, ಅವರ ಮಕ್ಕಳು. ನಾನು ಹೊರಟ ದಿನ ಯಾರೂ ಅಳಲಿಲ್ಲ. ಬಸ್ಸು ಘಟ್ಟ ಹತ್ತಿದ ಮೇಲೆ ನನಗೂ ಅಳು ಬರಲಿಲ್ಲ.

ವೇದಾವತಿಯ ಕಡೆಗೆ ಇಳಿಯುವ ಬೀದಿಯಲ್ಲಿ, ಕುರಿ ಸಾಕುವವರ ಮನೆಗೆ ಅಂಟಿಕೊಂಡ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯಾಕೆಗೆ ಐವತ್ತರ ಹತ್ತಿರ ವಯಸ್ಸು, ಮಕ್ಕಳಿಲ್ಲ. ಸುಗ್ಗಿ ಮುಗಿಯುತ್ತಲೇ ಅವಳ ಗಂಡ ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುತ್ತಿದ್ದ. ಅಲ್ಲಿ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಕುರಿ ತರುಬಿಕೊಂಡು, ಮುಂಗಾರು ಬಿದ್ದ ಮೇಲೆ ವಾಪಸಾಗುತ್ತಿದ್ದ. ಅಷ್ಟು ತಿಂಗಳೂ ಗೋಡೆಯ ಆಚೆಗೆ ಅವಳೊಬ್ಬಳು, ಈಚೆಗೆ ನಾನೊಬ್ಬಳು. ಅವಳು ಒನಕೆಯಲ್ಲಿ ಕುಟ್ಟುವ ಸದ್ದು ನನಗೆ, ನಾನು ಸ್ಟವ್ ಹಚ್ಚುವ ಸದ್ದು ಅವಳಿಗೆ. ಮಾತು ಮಾತ್ರ ನೀರು, ಕಸ, ಬಾಗಿಲಿನ ಚಿಲಕಗಳಿಂದ ಆಚೆಗೆ ಹೋಗುತ್ತಿರಲಿಲ್ಲ.

ಒಮ್ಮೆ ಶಾಲೆಯ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಹೋದಾಗ, ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಕಂಡಿತು. ಕಬ್ಬಿಣದ ಚೌಕಟ್ಟು, ಉದ್ದ, ಅಗಲ, ಎತ್ತರ ಎಲ್ಲ ಒಂದೇ, ಮೊಳಕ್ಕೆ ಕೊಂಚ ಕಡಿಮೆ. ವಿಗ್ರಹ ಇಡಲೆಂದು ಯಾರೋ ಮಾಡಿಸಿ ಒಯ್ಯದೆ ಬಿಟ್ಟಿದ್ದರಂತೆ. ಸಂದುಗಳಿಗೆ ಮತ್ತೆ ಪುಟ್ಟಿ ತುಂಬಿಸಿ, ಕಬ್ಬಿಣಕ್ಕೆ ಬಣ್ಣ ಹೊಡೆಸಿ ತಂದೆ. ಮೀನು ಸಾಕುವೆನೆಂದು ಅಂಗಡಿಯವರಿಗೆ ಹೇಳಿದೆ. ಕಡಲನ್ನು ಸಾಕುವೆನೆಂದು ಹೇಳಲು ನಾಚಿಕೆಯಾಯಿತು.

ನಮ್ಮ ಕಡೆಯಿಂದ ಹೆಂಚು ತುಂಬಿಕೊಂಡು ಹಿರಿಯೂರಿಗೆ ಲಾರಿಗಳು ಬರುತ್ತಿದ್ದವು. ಅಣ್ಣನಿಗೆ ಪತ್ರ ಬರೆದೆ. ಅವನು ಏಕೆ, ಏನು ಎಂದು ಕೇಳದೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿ ಕಳಿಸಿದ. ಜೊತೆಗೆ, ಒದ್ದೆ ಪಾಚಿ ಸುತ್ತಿದ ನಾಲ್ಕಾರು ಕಲ್ಲು. ಅವಕ್ಕೆ ಹತ್ತಿಕೊಂಡು ಬಂದದ್ದು ಒಂದು ಕಡಲ ಹೂವು. ಹೂವಿನಂತೆ ಕಾಣುವ, ಮುಟ್ಟಿದರೆ ಮುದುಡಿಕೊಳ್ಳುವ ಜೀವಿ ಅದು. ಮತ್ತೊಂದು, ಸತ್ತ ಶಂಖದ ಹುಳುವಿನ ಚಿಪ್ಪಿನೊಳಗೆ ಮನೆ ಮಾಡಿಕೊಂಡ ಸನ್ಯಾಸಿ ಏಡಿ. ಒಂದು ಕ್ಯಾನಿನಲ್ಲಿ ಬೆರಳುದ್ದದ ಮೀನೂ ಇತ್ತು.

ಕಡಲ ಕಲ್ಲುಗಳು ಸಾಲಲಿಲ್ಲ. ಹೊಸದುರ್ಗದ ಕಡೆಯಿಂದ ಸುಣ್ಣದ ಗೂಡಿಗೆ ಬರುತ್ತಿದ್ದ, ತೂತುತೂತಾದ ಬಿಳಿ ಕಲ್ಲುಗಳನ್ನು ಆರಿಸಿ ತಂದು ಉಜ್ಜಿ ತೊಳೆದೆ. ಅವನ್ನು ಅಡಿಗಿಟ್ಟು, ಕಡಲ ಕಲ್ಲುಗಳನ್ನು ಮೇಲಿಟ್ಟೆ. ಕೆಳಗಿನ ಕಲ್ಲು ಅಲುಗದಂತೆ, ಯಾವುದೂ ಗಾಜಿಗೆ ಒರಗದಂತೆ, ಸಂದುಗಳಲ್ಲಿ ನೀರು ಆಡುವಂತೆ ಜೋಡಿಸಬೇಕು. ಒಂದು ಭಾನುವಾರವೆಲ್ಲ ಮೊಣಕೈವರೆಗೆ ಕೈ ಮುಳುಗಿಸಿಕೊಂಡು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಅಮ್ಮ ಸಾರಿಗೆಂದು ಮಳಿಚಿಪ್ಪು ಹೆಕ್ಕುತ್ತಿದ್ದ ಬಂಡೆಯೊಂದು ನಮ್ಮೂರಲ್ಲಿತ್ತು. ಅದರ ಆಕಾರ ಬರಲೆಂದು ಒದ್ದಾಡುತ್ತಿದ್ದೆ. ಸಂಜೆಗೆ ಹೆಚ್ಚೂಕಡಿಮೆ ಬಂತು. ನನ್ನ ಮಂಚದಿಂದ ನೋಡಿದರೆ ಅದೇ ಬಂಡೆ.

ಕೋಣೆಯ ನೆಲ ಅಂಕುಡೊಂಕು. ಪೆಟ್ಟಿಗೆಯ ಮೇಜು ಸಮವಾಗಿ ನಿಂತದ್ದು ಕೋಣೆಯ ನಟ್ಟನಡುವೆ ಮಾತ್ರ. ಮರುದಿನ ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ ಟೀಚರಮ್ಮ?"

"ನಮ್ಮೂರಿನ ಕಡಲು, ದೊಡ್ಡಮ್ಮ."

ಅವಳು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದಳು. "ಅಯ್ಯ, ಉಪ್ಪು! ಇದ್ರಾಗೆ ಹೆಂಗ್ ಬದುಕ್ತಾವ್ರಿ?" ಆಮೇಲೆ ಬಗ್ಗಿ ನೋಡಿ ಹೇಳಿದಳು: "ನಿಮ್ ಕಡಿಗೆ ಎಲ್ಲ ಐತೆ. ಬಾಗ್ಲು ಕಡಿಗೆ ಬರೀ ಗ್ವಾಡೆ ಐತಲ್ಲ."

ಹೌದು. ನೋಡಲು ಇನ್ನೊಬ್ಬರು ಬರಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ಮುಂದಿನ ಭಾನುವಾರ ಅಮ್ಮನ ಬಂಡೆಯನ್ನು ಬಿಚ್ಚಿದೆ. ಮೊದಲ ಕಲ್ಲನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೆ. ಆಕೆ ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಅದನ್ನ ಈ ಕಡೀಕ್ ತಳ್ರಿ, ಹಾಂ, ಸಾಕು" ಎನ್ನುತ್ತಿದ್ದಳು. ಕಲ್ಲುಗಳನ್ನು ನಡುವೆ ಒಟ್ಟಿ, ಸುತ್ತಲೂ ಜಾಗ ಬಿಟ್ಟೆವು. ಎರಡು ಸಲ ರಾಶಿ ಕುಸಿಯಿತು. ಮೂರನೆಯ ಸಲ ಒಂದು ಅಗಲ ಕಲ್ಲು ಎರಡು ಕಲ್ಲುಗಳ ಮೇಲೆ ಗಟ್ಟಿಯಾಗಿ ಕೂತು, ಅಡಿಯಲ್ಲಿ ಆರಪಾರ ಒಂದು ಗವಿ ಉಳಿಯಿತು. ಕದಡಿದ ನೀರು ತಿಳಿಯಾದಾಗ ಆ ಗವಿಯೊಳಗಿಂದ ಅವಳ ಮುಖ ಕಂಡಿತು. ಅವಳಿಗೂ ನಾನು ಕಂಡಿರಬೇಕು. ಇಬ್ಬರೂ ನಕ್ಕೆವು.

ಅಂದಿನಿಂದ ಸಂಜೆಯಾದರೆ ಅವಳು ಬರುತ್ತಿದ್ದಳು. ಬಾಗಿಲ ಕಡೆ ಅವಳ ಮಣೆ, ಈಚೆ ನನ್ನ ಮಂಚ. ಕರೆಂಟು ನಂಬುವಂತಿರಲಿಲ್ಲವಾದ್ದರಿಂದ ಸೈಕಲ್ ಟ್ಯೂಬಿಗೆ ಗಾಳಿ ತುಂಬಿ, ಸಣ್ಣ ಕೊಳವೆಯಿಂದ ನೀರಿಗೆ ಗುಳ್ಳೆ ಬಿಡುತ್ತಿದ್ದೆ. ಪಂಪು ಹೊಡೆಯುವ ಕೆಲಸವನ್ನು ಅವಳು ತಾನೇ ವಹಿಸಿಕೊಂಡಳು. ಬಿಸಿಲು ಏರಿದಾಗ ಒದ್ದೆ ಗೋಣಿತಾಟು ಸುತ್ತಿದೆವು. ಮೀನು ಆ ಬೇಸಿಗೆ ದಾಟಲಿಲ್ಲ. ಏಡಿಯೂ ಹೂವೂ ಉಳಿದವು. ಏಡಿ ಗವಿ ಹೊಕ್ಕು ಅವಳ ಕಡೆ ಹೊರಬಿದ್ದರೆ, "ನೋಡ್ರಿ, ನಮ್ಮನಿಗ್ ಬಂತು" ಎನ್ನುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ತಾನೂ ಮಂದೆಯ ಹಿಂದೆ ಹೋಗುತ್ತಿದ್ದದ್ದನ್ನು, ಬಯಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದ್ದನ್ನು, ಮನೆಯಲ್ಲೇ ಇರು ಎಂದು ಆಗಿನ್ನೂ ಬದುಕಿದ್ದ ಅತ್ತೆ ಹೇಳಿದ ಮೇಲೆ ಅದು ನಿಂತುಹೋದದ್ದನ್ನು ಹೇಳಿದ್ದು ಆ ಸಂಜೆಗಳಲ್ಲೇ. ನಾನೂ ಅಮ್ಮನ ಬಗ್ಗೆ ಮೊದಲ ಬಾರಿಗೆ ಬಾಯಿಬಿಟ್ಟು ಮಾತಾಡಿದೆ.

ಮುಂಗಾರು ಬಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅಂಗಳದ ತುಂಬ ಕುರಿ, ಕಂಬಳಿ, ನಾಯಿ, ನೆಂಟರು. ಅವಳ ಗಂಡ, ಕಮ್ಮಿ ಮಾತಿನ ಮನುಷ್ಯ, ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ. ಅವಳು ರೊಟ್ಟಿ ತಟ್ಟುತ್ತ ಒಳಗಿನಿಂದಲೇ, "ಬರ್ರಿ ಟೀಚರಮ್ಮ, ಉಣ್ರಿ" ಎಂದಳು. ದನಿಯಲ್ಲಿ ನಾನು ಎಂದೂ ಕೇಳದ ಹುರುಪಿತ್ತು. ಉಂಡು ಬಂದೆ. ಆ ಸಂಜೆ ಅವಳು ಬರಲಿಲ್ಲ, ಮರುದಿನವೂ ಇಲ್ಲ. ಬರಬೇಕೆಂದು ಬಯಸುವುದೇ ತಪ್ಪು. ಅವಳ ಮನೆ ತುಂಬಿತ್ತು. ನಾನೇ ಟ್ಯೂಬಿಗೆ ಗಾಳಿ ಹೊಡೆದು ಮಂಚದಲ್ಲಿ ಕೂತೆ. ಗವಿಯ ಆಚೆ ಬಾಗಿಲಿನ ಹಲಗೆ ಕಾಣುತ್ತಿತ್ತು. ಗೋಡೆಯಾಚೆಯ ನಗು ಕೇಳುತ್ತ ಇರುವುದು, ಸದ್ದೇ ಇಲ್ಲದಿದ್ದಾಗ ಇರುವುದಕ್ಕಿಂತ ಕಷ್ಟ.

ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತ ಬಂದಿತ್ತು. ದಸರಾ ರಜೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಪೆಟ್ಟಿಗೆಯ ಮೂಲೆ ಬಿಟ್ಟುಕೊಂಡು ನೀರು ಧಾರೆಯಾಗಿ ಸುರಿಯತೊಡಗಿತು. ನಾನು ಯಾರನ್ನೂ ಕೂಗಲಿಲ್ಲ. ಹೊಸ್ತಿಲು ದಾಟಿ ಅಂಗಳಕ್ಕೆ ಹರಿದ ನೀರನ್ನು ಕಂಡು ಅವಳೇ ಓಡಿ ಬಂದಳು, ಕೈಯಲ್ಲಿ ತಾಮ್ರದ ಹಂಡೆ.

"ತಾಮ್ರ ಬೇಡ ದೊಡ್ಡಮ್ಮ, ಉಪ್ಪುನೀರಿಗೆ ವಿಷ ಬಿಡ್ತದೆ, ಸತ್ತೋಗ್ತಾವೆ!"

ಹಂಡೆ ಅಲ್ಲೇ ಬಿಟ್ಟು ಹೋಗಿ ಬಾಯಗಲದ ಮಣ್ಣಿನ ಗಡಿಗೆ ತಂದಳು. ಉಳಿದ ನೀರು ಅದಕ್ಕೆ ತುಂಬಿ, ಹೂವಿದ್ದ ಕಲ್ಲನ್ನೂ ಏಡಿಯನ್ನೂ ಇಳಿಸಿದೆವು. ನೆಲವೆಲ್ಲ ಒದ್ದೆ, ಇಬ್ಬರ ಸೀರೆಯೂ ಒದ್ದೆ. "ಇಷ್ಟ್ ದಿನ ನಾನು ಈ ಕಡೆ ತಲಿ ಹಾಕ್ಲಿಲ್ಲ" ಎಂದು ಅವಳು ಸೆರಗಿನಿಂದ ಗಡಿಗೆಯ ಅಂಚು ಒರೆಸಿದಳು. "ಮನೆ ತುಂಬ ಜನ ಇದ್ರಲ್ಲ" ಎಂದೆ.

ರಜೆ ಶುರುವಾದ ದಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊಳಲ್ಕೆರೆಯಲ್ಲಿ ಪಕ್ಕಕ್ಕೆ ಬಂದು ಕೂತ ಒಬ್ಬರು, "ಮಜ್ಜಿಗೇನವ್ವಾ?" ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು ಊರು ಸೇರಿದಾಗ ಹೊತ್ತು ಇಳಿಯುತ್ತಿತ್ತು. ಮನೆಗೆ ಹೋಗುವ ಮೊದಲೇ ದಂಡೆಗೆ ಹೋದೆ. ಬಂಡೆಯ ಸಂದಿನ ನೀರಲ್ಲಿ ಕಲ್ಲನ್ನು ಇಟ್ಟೆ, ಏಡಿಯನ್ನು ಬಿಟ್ಟೆ. ಅದು ಸ್ವಲ್ಪ ಹೊತ್ತು ಚಿಪ್ಪಿನೊಳಗೇ ಇತ್ತು. ಅಲೆಯೊಂದು ಬಂದು ಹೋದ ಮೇಲೆ ನೋಡಿದರೆ ಇರಲಿಲ್ಲ.

ಅತ್ತಿಗೆ ಮೀನುಸಾರು ಮಾಡಿ ಬಡಿಸಿದಳು. ಊಟದ ನಡುವೆ, "ಯಾವಾಗ ಹೊರಡೂದ್?" ಎಂದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರಜೆ ಮುಗಿಯುವ ಮುನ್ನವೇ ಹಿರಿಯೂರಿಗೆ ಮರಳಿದೆ.

ಸುಗ್ಗಿ ಮುಗಿಯಿತು. ಮಂದೆ ಹೊರಡುವ ಹಿಂದಿನ ದಿನ ಮನೆಯಾಕೆ ಬಂದು ಮಂಚದ ಅಂಚಿಗೆ ಕೂತಳು. "ಈ ಸಲ ನಾನೂ ಹೊಂಟೀನಿ ಟೀಚರಮ್ಮ. ನೀವು ಅಷ್ಟು ದೂರ ಒಬ್ರೇ ಹೋಗ್ ಬಂದ್ರಿ. ನಂಗೇನಾಗೈತೆ? ಅವ್ರನ್ನ ಕೇಳ್ದೆ. ಬಾ, ಹೋಗಾಣ ಅಂದ್ರು." ಮನೆಯ ಬೀಗದ ಕೈ ನನ್ನ ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಮಡಚಿದಳು. ಮುಖ ಚಿಕ್ಕ ಹುಡುಗಿಯ ಮುಖದಂತಿತ್ತು. ನನಗೆ ಸಂತೋಷವಾಯಿತು. ಆ ಸಂತೋಷ ಸುಳ್ಳಲ್ಲ.

ಆ ಚಳಿಗಾಲ ಗೋಡೆಯಾಚೆಯಿಂದ ಯಾವ ಸದ್ದೂ ಬರಲಿಲ್ಲ. ಸಂಜೆಯ ಹೊತ್ತು ಹುಡುಗಿಯರ ಉತ್ತರಪತ್ರಿಕೆಗಳನ್ನು ತೆಗೆದುಕೊಂಡು ಜಗಲಿಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡೆ. ಹೊಳೆಯ ಕಡೆಯಿಂದ ಬರುವವರು ನಿಂತು, "ಊಟ ಆತೇನ್ರಿ ಟೀಚರಮ್ಮ?" ಎಂದು ಕೇಳುತ್ತಿದ್ದರು. ಆಗಿರದಿದ್ದರೂ ಆಯಿತು ಎನ್ನುತ್ತಿದ್ದೆ. ಅವರು ಹೋದ ಮೇಲೆ ಒಳಗೆ ಬಂದು ಸ್ಟವ್ ಹಚ್ಚುತ್ತಿದ್ದೆ.